ಲಿಫ್ಟ್ ಮೇಸ್ತ್ರಿಯ ಕ್ಯಾಸೆಟ್ ಪ್ರಸಂಗ

"ಇಪ್ಪತ್ತೆಂಟು ವರ್ಷದಿಂದ ಈ ಊರಿನ ಅರ್ಧ ಜನರನ್ನ ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಸಾಗಿಸಿದವನು ನಾನು! ಜುಜುಬಿ ಇನ್ನೂರ ಹದಿನಾಲ್ಕು ಕ್ಯಾಸೆಟ್ಟಿನ ಹಾಡನ್ನ ಈ ಅಂಗೈಯಗಲದ ಫೋನಿಗೆ ಸಾಗಿಸೋಕೆ ನನ್ನಿಂದ ಆಗಲ್ವಾ?"

ಹೀಗೆಂದು ಲಿಫ್ಟ್ ಮೇಸ್ತ್ರಿ ಊಟದ ಮೇಜನ್ನು ಗುದ್ದಿದಾಗ ಬೆದರಿದ್ದು ಮೇಜಿನ ಮೇಲಿದ್ದ ನೀರಿನ ಲೋಟ ಒಂದೇ. ಹೆಂಡತಿ ಬೆದರಲಿಲ್ಲ. ಆಕೆ ಹೊಲಿಗೆ ಯಂತ್ರದ ಮುಂದೆ ಕೂತು ಪರದೆಯೊಂದರ ಅಂಚು ಮಡಚುತ್ತಿದ್ದರು. ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿಗಳ ಸಂದಿಯಿಂದಲೇ, "ಸಾಗಿಸಿ, ಯಾರು ಬೇಡ ಅಂದೋರು? ಆ ಕಪಾಟು ಖಾಲಿ ಆದ್ರೆ ನನ್ನ ಬಟ್ಟೆ ಥಾನುಗಳಿಗೆ ಜಾಗ ಆಗುತ್ತೆ" ಎಂದರು.

ಈ ಶಪಥದ ಹಿಂದೆ ಒಂದು ದಾರುಣ ಸಾವಿತ್ತು. ಹಿಂದಿನ ಭಾನುವಾರ ಮೇಸ್ತ್ರಿಯ ಹಳೆಯ ಟೇಪ್ ರೆಕಾರ್ಡರು ಅವರ ಕಣ್ಣೆದುರಿಗೇ ಒಂದು ಕ್ಯಾಸೆಟ್ಟನ್ನು ನುಂಗಿ, ಅಗಿದು, ಕಂದು ಬಣ್ಣದ ಟೇಪನ್ನು ಗೊಂಚಲು ಗೊಂಚಲಾಗಿ ಕಕ್ಕಿಬಿಟ್ಟಿತ್ತು. ಮೇಸ್ತ್ರಿ ಪೆನ್ಸಿಲು ತೂರಿಸಿ ಅರ್ಧ ದಿನ ಸುತ್ತಿದರೂ ಪ್ರಾಣ ಉಳಿಯಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬೆಲ್ಟು ಹರಿಯುವ ಹಂತಕ್ಕೆ ಬಂದಿದೆ. ಅಂಥ ಬೆಲ್ಟು ಈಗ ಯಾವ ಅಂಗಡಿಯಲ್ಲೂ ಇಲ್ಲ. ಹೆಚ್ಚೆಂದರೆ ಇನ್ನೊಂದು ತಿಂಗಳು ಓಡೀತು. ಅಷ್ಟರೊಳಗೆ ಹಾಡೆಲ್ಲ ಫೋನಿಗೆ ಬರಬೇಕು. ಇಲ್ಲದಿದ್ದರೆ ಮೂವತ್ತು ವರ್ಷ ಕೂಡಿಸಿದ್ದೆಲ್ಲ ಕಪಾಟಿನಲ್ಲಿ ಮೂಕವಾಗಿ ಕೂತಿರುತ್ತದೆ.

"ನನ್ನ ತಮ್ಮನಿಗೆ ಹೇಳಿ" ಎಂದರು ಹೆಂಡತಿ. "ಅವನ ಅಂಗಡಿಯಲ್ಲಿ ಎಂಥದೋ ವೈರ್ ಇದೆಯಂತೆ. ಆ ಕಡೆ ಟೇಪಿಗೆ, ಈ ಕಡೆ ಫೋನಿಗೆ ಸಿಕ್ಕಿಸಿದ್ರೆ ತಾನಾಗೇ ಇಳಿಯುತ್ತಂತೆ."

"ನಿನ್ನ ತಮ್ಮನಿಗಾ? ಪ್ರಾಣ ಹೋದ್ರೂ ಇಲ್ಲ!"

ಭಾವಮೈದನದು ಮೊಬೈಲ್ ಅಂಗಡಿ. ಆತ ಮಾಡಿದ್ದ ಅಪರಾಧ ಸಣ್ಣದಲ್ಲ. ಕ್ಯಾಸೆಟ್ಟು ಸತ್ತ ದಿನವೇ ಬಂದು, ಕಪಾಟಿನ ಕಡೆ ಕೈ ತೋರಿಸಿ, "ಭಾವ, ಈ ಡಬ್ಬಗಳನ್ನೆಲ್ಲ ಗುಜರಿಗೆ ಹಾಕಿ. ಎಲ್ಲಾ ಹಾಡೂ ಫೋನಲ್ಲೇ ಸಿಗುತ್ತೆ. ಹೆಸರು ಹೇಳಿದ್ರೆ ಸಾಕು, ಹಾಡುತ್ತೆ" ಎಂದಿದ್ದ.

"ಅದು ಊರಿಗೆಲ್ಲ ಹಾಡೋ ಹಾಡು ಕಣಯ್ಯ. ಇದು ನನಗೆ ಹಾಡೋ ಹಾಡು" ಎಂದು ಮೇಸ್ತ್ರಿ ಅಂದೇ ಗುಡುಗಿದ್ದರು. ಮಾತು ಸುಳ್ಳೂ ಅಲ್ಲ. ರೇಡಿಯೋದಿಂದ ಹಿಡಿದ ಒಂದು ಹಾಡಿನ ಹೊಸ್ತಿಲಲ್ಲಿ ನಿರೂಪಕನಿಗೆ ಕೆಮ್ಮು ಬರುತ್ತದೆ. ಆ ಕೆಮ್ಮಿಲ್ಲದೆ ಕೇಳಿದರೆ ಆ ಹಾಡು ಮೇಸ್ತ್ರಿಗೆ ಉಪ್ಪಿಲ್ಲದ ಸಾರು. ಇನ್ನೊಂದರಲ್ಲಿ ಗಾಯಕಿ ಮೇಲಿನ ಸ್ವರಕ್ಕೆ ಏರುವ ಹೊತ್ತಿಗೆ ಕರೆಂಟು ಹೋಗಿ, ಆಕೆ ಮೂವತ್ತು ವರ್ಷದಿಂದ ಅಲ್ಲೇ ಮಧ್ಯದಲ್ಲಿ ನೇತಾಡುತ್ತಿದ್ದಾಳೆ. ಭಾವಮೈದನ ಫೋನು ಇಂಥದ್ದನ್ನು ಎಲ್ಲಿಂದ ತಂದೀತು?

ಹೀಗಾಗಿ ಸೋಮವಾರ ಸಂಜೆ ಮೇಸ್ತ್ರಿ ಸ್ವಂತ ವಿಧಾನಕ್ಕೆ ಕೈಹಾಕಿದರು. ವಿಧಾನ ಬಹು ಸರಳ. ಟೇಪ್ ರೆಕಾರ್ಡರು ಹಾಡಬೇಕು, ಎದುರಿಗಿಟ್ಟ ಫೋನು ಕೇಳಿಸಿಕೊಳ್ಳಬೇಕು, ಉಳಿದವರು ಸುಮ್ಮನಿರಬೇಕು.

"ಇನ್ನು ಒಂದು ಗಂಟೆ ಈ ಮನೆಯಲ್ಲಿ ಯಾರೂ ಉಸಿರಾಡಕೂಡದು!"

"ಉಸಿರಾಡ್ಬೇಡ ಅನ್ನಿ, ಸರಿ. ಹೊಲೀಬೇಡ ಅನ್ಬೇಡಿ. ಗುರುವಾರ ಮೂರು ಗಂಟೆಗೆ ಹೋಟೆಲಿನವರಿಗೆ ನಲವತ್ತು ಪರದೆ ಮುಟ್ಟಿಸ್ಬೇಕು. ತಪ್ಪಿದ್ರೆ ಮುಂದಿನ ಕೆಲಸ ಬೇರೆಯವರ ಪಾಲು."

"ಕಲೆಗೋಸ್ಕರ ಒಂದು ಗಂಟೆ ತ್ಯಾಗ ಮಾಡೋಕಾಗಲ್ವಾ?"

"ಮಾಡ್ತೀನಿ. ನಲವತ್ತು ಕಿಟಕಿಗೆ ನೀವು ಅಡ್ಡ ನಿಂತ್ಕೊಳ್ಳಿ."

ಮೇಸ್ತ್ರಿ ಬಾಯಿಗೆ ಟವೆಲು ಒತ್ತಿಕೊಂಡು, ಉಸಿರನ್ನು ಬಿಗಿಹಿಡಿದು, ಕಲ್ಲಿನಂತೆ ಕೂತು ಮೂರು ಹಾಡು ಮುದ್ರಿಸಿದರು. ಆಮೇಲೆ ಹಾಕಿ ಕೇಳಿದರೆ, ಮೊದಲನೆಯದರಲ್ಲಿ ಪಕ್ಕದ ಕೋಣೆಯ ಹೊಲಿಗೆ ಯಂತ್ರ ಓಡುವ ರೈಲಿನಂತೆ ಸಾಗಿಹೋಗಿತ್ತು. ಗಾಯಕ ಹಳಿಯ ಮೇಲೆ ಸಿಕ್ಕಿಕೊಂಡವನಂತೆ ಎಲ್ಲೋ ದೂರದಲ್ಲಿ ಕೂಗುತ್ತಿದ್ದ. ಎರಡನೆಯದಕ್ಕೆ ಅಡುಗೆಮನೆಯ ನಲ್ಲಿ ತೊಟತೊಟ ತಾಳ ಹಾಕಿತ್ತು, ಅದೂ ತಪ್ಪು ತಾಳ. ಮೂರನೆಯದರ ನಟ್ಟನಡುವೆ ಫೋನೇ ಬಡಿದುಕೊಂಡು, ಹಾಡು ಅಲ್ಲಿಗೇ ಕಟ್ಟಾಗಿತ್ತು.

ಫೋನು ಮಾಡಿದ್ದವನು ಭಾವಮೈದ. "ಭಾವ, ಹೇಗೆ ನಡೀತಾ ಇದೆ?"

"ನಡೀತಾ ಇತ್ತು! ನೀನು ಫೋನ್ ಮಾಡಿ ಕೂರಿಸ್ದೆ!"

ಮಂಗಳವಾರ ಅವರು ಬಟ್ಟೆಯ ಬೀರು ಹೊಕ್ಕರು. ಸುತ್ತಲೂ ಬಟ್ಟೆ, ಬಾಗಿಲು ಭದ್ರ, ಶಬ್ದ ಒಳಗೆ ಬರಲು ದಾರಿಯೇ ಇಲ್ಲ. ಮಡಿಲಲ್ಲಿ ಟೇಪ್ ರೆಕಾರ್ಡರು, ಮೊಣಕಾಲಿನ ಮೇಲೆ ಫೋನು. ಒಂದೂವರೆ ಹಾಡು ನಿರ್ವಿಘ್ನವಾಗಿ ಸಾಗಿತು. ಅಷ್ಟರಲ್ಲಿ ಹೆಂಡತಿ ಬೆಡ್‌ಶೀಟು ತೆಗೆಯಲೆಂದು ಬೀರು ತೆರೆದರು. ಕತ್ತಲಲ್ಲಿ ಎರಡು ಕಣ್ಣು! ಆಕೆ ಹಾಕಿದ ಚೀತ್ಕಾರ ಇದೆಯಲ್ಲ, ಆವರೆಗಿನ ಎಲ್ಲ ಮುದ್ರಣಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಬಂದದ್ದು ಅದೊಂದೇ.

"ಬೀರು ಒಳಗೆ ಕೂತು ಏನ್ರೀ ಮಾಡ್ತಿದ್ದೀರಿ?"

"ಮನೆಯಲ್ಲಿ ಬೇರೆಲ್ಲಿ ಜಾಗ ಬಿಟ್ಟಿದ್ದೀಯ?"

"ವೈರ್..."

"ವೈರ್ ಮಾತು ಎತ್ಬೇಡ!"

ಬುಧವಾರ ಮೇಸ್ತ್ರಿ ಟೇಪ್ ರೆಕಾರ್ಡರನ್ನು ಮುಟ್ಟಲೇ ಇಲ್ಲ. ಗುರುವಾರ ಬೆಳಿಗ್ಗೆ ಕಂಪನಿಯಿಂದ ಬಂದ ಕೆಲಸದ ಪಟ್ಟಿ ನೋಡುತ್ತಿದ್ದಂತೆ ಅವರ ಮುಖ ಅರಳಿತು. ಅಂದು ಅವರದೇ ಕಟ್ಟಡದ ಲಿಫ್ಟಿಗೆ ತಿಂಗಳ ಸರ್ವಿಸ್ ಇತ್ತು! ನಾಲ್ಕೂ ಕಡೆ ಉಕ್ಕಿನ ಗೋಡೆ, ಕೆಳಗೆ ರಬ್ಬರ್ ಹಾಸು, ನಲ್ಲಿ ಇಲ್ಲ, ಹೊಲಿಗೆ ಯಂತ್ರ ಇಲ್ಲ, ಹೆಂಡತಿ ಇಲ್ಲ. ಇಪ್ಪತ್ತೆಂಟು ವರ್ಷ ದಿನಾ ಹತ್ತಿ ಇಳಿದರೂ, ಅದು ಸರಸ್ವತಿ ತನಗಾಗಿಯೇ ಕಟ್ಟಿಸಿದ ಸ್ಟುಡಿಯೋ ಎಂದು ಹೊಳೆದೇ ಇರಲಿಲ್ಲವಲ್ಲ!

ಮಧ್ಯಾಹ್ನ ಎರಡಕ್ಕೆ ಸರ್ವಿಸ್ ಮುಗಿಸಿ, ಟೇಪ್ ರೆಕಾರ್ಡರಿಗೆ ಆರು ಹೊಸ ಸೆಲ್ಲು ತುಂಬಿಸಿ, ಮೇಸ್ತ್ರಿ ಲಿಫ್ಟಿನೊಳಗೆ ಸೇರಿಕೊಂಡರು. ಮೂರನೆಯ ಮಹಡಿಗೂ ನಾಲ್ಕನೆಯ ಮಹಡಿಗೂ ನಡುವೆ ಕೀ ತಿರುಗಿಸಿ ಅದನ್ನು ನಿಲ್ಲಿಸಿದರು. ಗುಂಯ್‌ಗುಡುವ ಫ್ಯಾನು ಆರಿಸಿದರು. ಇಂಟರ್‌ಕಾಮಿನ ವೈರು ಕಿತ್ತರು. ಭಾವಮೈದ ಮತ್ತೆ ಕಾಡದಂತೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದರು. ಲಿಫ್ಟಿನಲ್ಲಿ ಕೂತು ವಿಮಾನ ಹಾರಿಸಿದ ಮೊದಲ ಮೇಸ್ತ್ರಿ ಅವರೇ ಇರಬೇಕು. 'ಲಿಫ್ಟ್ ದುರಸ್ತಿಯಲ್ಲಿದೆ' ಎಂಬ ಬೋರ್ಡನ್ನು ಕೆಳಗೆ ಬಾಗಿಲಿಗೆ ನೇತುಹಾಕಬೇಕಿತ್ತು, ನಿಜ. ಆದರೆ ಟೇಪ್ ರೆಕಾರ್ಡರಿನ ಕೆಳಗೆ ಇಡಲು ಒಂದು ಹಲಗೆ ಬೇಕಿತ್ತಲ್ಲ!

ಅಂದು ಅವರು ಜೇಬಿನಲ್ಲಿ ತಂದಿದ್ದು ಒಂದೇ ಕ್ಯಾಸೆಟ್ಟು. ಇಪ್ಪತ್ತಾರು ವರ್ಷದ ಹಿಂದೆ, ಮದುವೆ ಗೊತ್ತಾಗಿ ಇನ್ನೂ ಆಗದಿದ್ದ ದಿನಗಳಲ್ಲಿ, ಅಂಚೆಯಲ್ಲಿ ಬಂದದ್ದು. ರೇಡಿಯೋ ಮುಂದೆ ಕೂತು ಹುಡುಗಿಯೊಬ್ಬಳು ಹನ್ನೆರಡು ಹಾಡು ಹಿಡಿದು ಕಳಿಸಿದ್ದಳು. ಹಾಡು ಹಾಡಿನ ನಡುವೆ ಅವಳದೇ ದನಿ, ಯಾರಿಗೋ ಕೇಳಿಸೀತೆಂದು ಅಂಜುತ್ತ, "ಮುಂದಿನದು ನಿಮಗೆ ಇಷ್ಟ ಆಗ್ಬಹುದು... ಆಗ್ದಿದ್ರೆ ಹೇಳಿ" ಎನ್ನುತ್ತಿತ್ತು. ಈ ಕ್ಯಾಸೆಟ್ಟನ್ನು ಮೊಬೈಲ್ ಅಂಗಡಿಯ ಕಟ್ಟೆಯ ಮೇಲಿಟ್ಟು, ನಾಲ್ಕು ಜನ ಗಿರಾಕಿಗಳ ಎದುರಿಗೆ ಭಾವಮೈದ ಹಾಕಿ ಕೇಳುವುದೇ? ವೈರ್ ಬೇಡ ಎಂದದ್ದರ ಅಸಲು ಕಾರಣ ಇದು. ಮೇಸ್ತ್ರಿ ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಹೇಳುವಂಥ ಮಾತೇ ಅದು? ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಇಂಥದ್ದಕ್ಕೆಲ್ಲ ಮನುಷ್ಯನಿಗೆ ಸಂಕೋಚ.

ಗುಂಡಿ ಒತ್ತಿದರು. ಹಾಡು ಹರಿಯಿತು. ಬಾಯಿಗೆ ಟವೆಲಿಲ್ಲ, ಯಾರ ಅಂಕೆಯಿಲ್ಲ! ಮೇಸ್ತ್ರಿ ಕಣ್ಣು ಮುಚ್ಚಿ, ಉಕ್ಕಿನ ಗೋಡೆಗೆ ತಲೆಯಾನಿಸಿ, ಮೂರೂವರೆ ಮಹಡಿಯಷ್ಟಲ್ಲ, ಇನ್ನೂ ಎಷ್ಟೋ ಮಹಡಿ ಮೇಲಕ್ಕೆ ಹೋಗಿಬಿಟ್ಟರು.

ಎಂಟನೆಯ ಹಾಡಿನ ಹೊತ್ತಿಗೆ ಡಬ್ ಡಬ್ ಎಂದು ಡೋಲು ಕೇಳಿಸಿತು. ಈ ಹಾಡಿನಲ್ಲಿ ಡೋಲು ಇರಲೇ ಇಲ್ಲವಲ್ಲ? ಮೇಸ್ತ್ರಿ ಕಣ್ಣು ತೆರೆದರು. ಡೋಲು ತಲೆಯ ಮೇಲಿನಿಂದ, ನಾಲ್ಕನೆಯ ಮಹಡಿಯ ಬಾಗಿಲಿನಿಂದ ಬರುತ್ತಿತ್ತು. ಅದರ ಹಿಂದೆಯೇ ಅವರಿಗೆ ಚೆನ್ನಾಗಿ ಪರಿಚಯವಿದ್ದ ದನಿ.

"ರೀ! ಒಳಗಿರೋದು ನೀವೇನಾ? ನಲವತ್ತು ಪರದೆ ಇಟ್ಕೊಂಡು ಇಪ್ಪತ್ತು ನಿಮಿಷ ಐದನೇ ಮಹಡಿಯಲ್ಲಿ ನಮ್ಮನೆ ಮುಂದೆ ಕಾದು ಇಳಿದು ಬಂದೆ! ಕೆಳಗೆ ತಮ್ಮ ವ್ಯಾನ್ ತಂದು ಕಾಯ್ತಿದ್ದಾನೆ!"

ಮೇಸ್ತ್ರಿ ದಡಬಡಿಸಿ ಎದ್ದು ಕೀ ತಿರುಗಿಸಿದರು. ಕೀ ತಿರುಗಿತು. ತಿರುಗಿದ್ದು ಹಿಡಿ ಮಾತ್ರ. ಮೂತಿ ತೂತಿನೊಳಗೇ ಮುರಿದು ಉಳಿಯಿತು.

ಮೂರು ಸಾವಿರ ಜನರನ್ನು ಸಿಕ್ಕಿಬಿದ್ದ ಲಿಫ್ಟುಗಳಿಂದ ಹೊರಗೆಳೆದ ವೀರ ತಾನೇ ಒಳಗೆ ಸಿಕ್ಕಿಬಿದ್ದಿದ್ದ! ಆದರೂ ಮೇಸ್ತ್ರಿ ದನಿ ಕುಗ್ಗಿಸಲಿಲ್ಲ. "ಏನೂ ಆಗಿಲ್ಲ! ಮನೆಯಲ್ಲಿ ಮೊಳೆಗೆ ನೇತುಹಾಕಿರೋ ಬೀಗದ ಕೈ ತಗೊಂಡು ತಾರಸಿಯ ಮೆಷಿನ್ ರೂಮಿಗೆ ಹೋಗು. ನಿನ್ನ ತಮ್ಮನ್ನೂ ಕರ್ಕೋ. ಮೇನ್ ಸ್ವಿಚ್ ಆಫ್ ಮಾಡಿ ಇಂಟರ್‌ಕಾಮ್ ಎತ್ತು, ಮುಂದಿಂದು ನಾನು ಹೇಳ್ತೀನಿ" ಎಂದು ಅಪ್ಪಣೆ ಕೊಡಿಸಿ, ಕಿತ್ತ ವೈರನ್ನು ಮತ್ತೆ ಜೋಡಿಸಿದರು.

ಹತ್ತು ನಿಮಿಷದಲ್ಲಿ ಇಂಟರ್‌ಕಾಮ್ ಗುರುಗುಟ್ಟಿತು. ಏದುಸಿರಿನ ಹೆಂಡತಿ: "ಬಂದ್ವಿ. ದೊಡ್ಡ ಚಕ್ರ ಇದೆ, ಒಂದು ಕಬ್ಬಿಣದ ಹಿಡಿ ಇದೆ."

"ಹಿಡಿ ಅಂದ್ರೆ ಬ್ರೇಕು. ಅದನ್ನ ನಿನ್ನ ತಮ್ಮ ಒತ್ತಿ ಹಿಡೀಲಿ. ನೀನು ಚಕ್ರ ತಿರುಗಿಸು. ನಿನ್ನ ಕೈಯಲ್ಲಿ ಆಗುತ್ತಾ?"

"ಚಕ್ರ ತಿರುಗಿಸೋದು ನನಗೆ ಹೊಸದಾ? ಮದುವೆಗೆ ಮುಂಚಿಂದ ಹೊಲಿಗೆ ಮೆಷಿನಲ್ಲಿ ಅದನ್ನೇ ಮಾಡ್ತಿದ್ದೀನಿ." ಅಷ್ಟರಲ್ಲೇ ಆಕೆಯ ದನಿ ಬದಲಾಯಿತು. "ರೀ, ಅದಕ್ಕೆ ಮುಂಚೆ ಒಂದು ಮಾತು. ಕ್ಯಾಸೆಟ್ಟೆಲ್ಲ ತಮ್ಮನ ಕೈಗೆ ಕೊಡ್ತೀರಾ?"

"ಇದು ಅದನ್ನ ಕೇಳೋ ಹೊತ್ತಾ?"

"ಇದಕ್ಕಿಂತ ಒಳ್ಳೇ ಹೊತ್ತು ನನಗೆ ಸಿಗಲ್ಲ."

"ಕೊಡಲ್ಲ!"

"ಹಾಗಾದ್ರೆ ಅಲ್ಲೇ ಇರಿ."

"ಇರ್ತೀನಿ! ನಾನು ಹೇಳ್ದೆ ಚಕ್ರ ಯಾವ ಕಡೆ ತಿರುಗಿಸ್ತೀಯ, ನೋಡ್ತೀನಿ. ಎಡಕ್ಕೋ ಬಲಕ್ಕೋ? ನಾನಂತೂ ಹೇಳಲ್ಲ!"

ಇಂಟರ್‌ಕಾಮಿನ ಜಗಳದ ನಡುವೆ ಭಾವಮೈದನ ಅಳುಕಿನ ದನಿ ಕೇಳಿಸಿತು. "ಅಕ್ಕಾ, ಮೂರು ಗಂಟೆಗೆ ಎಂಟೇ ನಿಮಿಷ ಇದೆ. ಭಾವಾ, ಚಕ್ರದ ಮೇಲೇ ಬಾಣ ಬರೆದಿದೆಯಲ್ಲ. ತಿರುಗಿಸ್ಲಾ?"

ಮೇಸ್ತ್ರಿ ಹಲ್ಲು ಕಡಿದರು. ಹೋದ ವರ್ಷ ಆ ಬಾಣವನ್ನು ಕೆಂಪು ಬಣ್ಣದಲ್ಲಿ ಬರೆದವರು ಅವರೇ!

ಆದರೂ ಸೋಲೊಪ್ಪುವ ಜಾತಿ ಅದಲ್ಲ. "ಇನ್ನೂರ ಹದಿಮೂರು ಕೊಡ್ತೀನಿ. ಒಂದು ಕೊಡಲ್ಲ."

"ಯಾವುದು ಆ ಒಂದು?"

"ಅದು ನಿನಗ್ಯಾಕೆ? ಒಂದು ಕೊಡಲ್ಲ ಅಂದ್ರೆ ಕೊಡಲ್ಲ!"

"ಹಠ ನೋಡು! ಆಯ್ತು, ಇನ್ನೂರ ಹದಿಮೂರು."

ಲಿಫ್ಟು ಒಮ್ಮೆ ನರಳಿ, ಅಂಗುಲ ಅಂಗುಲವಾಗಿ ಇಳಿದು ಮೂರನೆಯ ಮಹಡಿಗೆ ಬಂದು ನಿಂತಿತು. ಮೇಸ್ತ್ರಿ ಕ್ಯಾಸೆಟ್ಟು ತೆಗೆದು ಜೇಬಿಗಿಳಿಸಿ, ಬಾಗಿಲು ಜಗ್ಗಿ ತೆರೆದರು. ಎದುರಿಗೆ ಅವರ ಮೇಲಧಿಕಾರಿ ಬೆವರು ಸುರಿಸುತ್ತ ನಿಂತಿದ್ದರು. ಒಂದು ಕೈಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಇನ್ನೊಂದರಲ್ಲಿ ದಪ್ಪ ರಿಜಿಸ್ಟರು. ಅವರ ಬೆನ್ನಿಗೆ ನಾಲ್ಕನೆಯ ಮಹಡಿಯ ಅಜ್ಜಿ. ಅಷ್ಟರಲ್ಲಿ ಹೆಂಡತಿ, ಭಾವಮೈದ ಇಬ್ಬರೂ ಮೆಟ್ಟಿಲಿಳಿದು ಬಂದರು.

"ಏನ್ರೀ ಮೇಸ್ತ್ರಿ!" ಮೇಲಧಿಕಾರಿ ಕೆಂಡವಾಗಿದ್ದರು. "ಈ ಬಿಲ್ಡಿಂಗಿಂದ ತುರ್ತು ದೂರು ಬಂತು ಅಂತ ಮೂರು ಸಲ ನಿಮಗೇ ಫೋನ್ ಮಾಡಿದ್ದೀನಿ. ಸ್ವಿಚ್ ಆಫ್! ನಾನೇ ಓಡಿ ಬರಬೇಕಾಯ್ತು. ಬೋರ್ಡಿಲ್ಲ, ಕೀ ಮುರಿದಿದೆ. ಒಂದು ಗಂಟೆ ಒಳಗೇನು ನಿದ್ದೆ ಹೊಡೀತಿದ್ರಾ? ಇವತ್ತು ನಿಮ್ಮನ್ನ ಸಸ್ಪೆಂಡ್ ಮಾಡದೆ ಬಿಡಲ್ಲ!"

ನಿದ್ದೆ ಎಂಬ ಮಾತು ಮೇಸ್ತ್ರಿಗೆ ಬಾಣದಂತೆ ನಾಟಿತು. ಸಸ್ಪೆಂಡಾದರೂ ಆದೇನು, ಸೋಮಾರಿ ಅನ್ನಿಸಿಕೊಳ್ಳಲಾರೆ! "ನಿದ್ದೆನಾ? ಒಳಗೆ ಎಂಥಾ ಕೆಲಸ ನಡೀತಿತ್ತು ಅಂತ ನೀವೇ ಕೇಳಿ ಸಾರ್!" ಎಂದು ಎದೆ ಉಬ್ಬಿಸಿ, ಫೋನಿನ ದನಿಯನ್ನು ತುತ್ತತುದಿಗೆ ಏರಿಸಿ, ಮುದ್ರಣ ಹಾಕಿದರು.

"ಆಆಆ... ಊಊಊ... ಆಹಾ ಆಹಾ ಆಆಆ..."

ಮೂರನೆಯ ಮಹಡಿಯ ಮೊಗಸಾಲೆ ನಡುಗಿತು. ಮೇಸ್ತ್ರಿ ಗಾಬರಿಯಿಂದ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. ಇದಾರ ದನಿ? ಹಾಡಿನವರದಲ್ಲ. ಹಾಡಿನವರು ಎಲ್ಲೋ ಹಿಂದೆ, ಸೊಳ್ಳೆಯಂತೆ ಗುಂಯ್ ಎನ್ನುತ್ತಿದ್ದಾರೆ. ಮುಂದೆ ನಿಂತು ಅಬ್ಬರಿಸುತ್ತಿರುವ ಈ ದನಿ... ಅಯ್ಯೋ! ತನ್ನದೇ! ಟವೆಲಿಲ್ಲದ ಬಾಯಿ ತನಗರಿವಿಲ್ಲದೆಯೇ ಪ್ರತಿ ಹಾಡಿಗೂ ದನಿಗೂಡಿಸಿಬಿಟ್ಟಿತ್ತು! ಅಷ್ಟರಲ್ಲಿ ಒಂದು ಹಾಡು ಮುಗಿದು, ಒಂದು ಕ್ಷಣ ಸದ್ದಡಗಿ, ಎಳೆಯ ಹೆಣ್ಣುದನಿಯೊಂದು ಅಂಜುತ್ತ ಅಂದಿತು: "ಮುಂದಿನದು ನಿಮಗೆ ಇಷ್ಟ ಆಗ್ಬಹುದು..."

ಹೆಂಡತಿ ತಟ್ಟನೆ ಗಂಡನ ಮುಖ ನೋಡಿದರು. ಮೇಸ್ತ್ರಿ ಸೀಲಿಂಗ್ ನೋಡಿದರು. ಮರುಕ್ಷಣವೇ "ಊಊಊ..." ಎಂದು ಅಬ್ಬರ ಮತ್ತೆ ಶುರುವಾಯಿತು.

"ಇದೇ! ಇದೇ ಕೂಗು!" ಅಜ್ಜಿ ಕೈ ಚಾಚಿ ಮುಂದೆ ನುಗ್ಗಿದರು. "ನಮ್ಮನೆ ಬಾಗಿಲ ಹಿಂದೇನೇ ಅರ್ಧ ಗಂಟೆ ಕೇಳಿದೆ. ಕರುಳು ಕಿತ್ತು ಬರ್ತಿತ್ತು. ನಾನೇ ಕಂಪನಿಗೆ ಫೋನ್ ಮಾಡಿದ್ದು, ಲಿಫ್ಟೊಳಗೆ ಯಾರೋ ನೋವಲ್ಲಿ ನರಳ್ತಿದ್ದಾರೆ, ಬೇಗ ಬನ್ನಿ ಅಂತ. ಎಲ್ಲಪ್ಪಾ ನೋವು? ಹೊಟ್ಟೆಲಾ?"

"ನರಳಾಟ ಅಲ್ಲ ಅಜ್ಜಿ!" ಮೇಸ್ತ್ರಿಯ ಮುಖ ಕೆಂಪೇರಿತು. "ಅದು ನಾನು ಹಾ..."

ಹೆಂಡತಿ ಅವರ ಕಾಲನ್ನು ಬಲವಾಗಿ ತುಳಿದರು. "ಹೌದು ಸಾರ್, ಹೊಟ್ಟೆನೋವು" ಎಂದರು ಮೇಲಧಿಕಾರಿಯ ಕಡೆ ತಿರುಗಿ, ಕಣ್ಣನ್ನು ಸೆರಗಿಗೆ ಒತ್ತಿಕೊಂಡು. ಆ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಇಪ್ಪತ್ತಾರು ವರ್ಷದಿಂದ ನೋಡ್ತಾ ಇದ್ದೀನಿ. ದಿನಾ ಬೆಳಿಗ್ಗೆ ಬಚ್ಚಲಮನೆಗೆ ಹೋದ್ರೆ ಸಾಕು, ಹೀಗೇ ಶುರುವಾಗುತ್ತೆ. ನೋವು ಮರೆಯೋಕೆ ಹಿಂದೆ ಒಂದು ಹಾಡು ಹಾಕ್ಕೊಳ್ತಾರೆ, ಪಾಪ."

ಮೇಲಧಿಕಾರಿಯ ಮುಖ ಕರಗಿಯೇ ಹೋಯಿತು. "ಛೆ ಛೆ! ಇಷ್ಟು ನೋವಿಟ್ಕೊಂಡು ಡ್ಯೂಟಿಗೆ ಬಂದಿದ್ದೀರಾ? ಮೊದಲೇ ಹೇಳ್ಬಾರ್ದಾ? ಎರಡು ದಿನ ರಜೆ ತಗೊಳ್ಳಿ. ಭಾರ ಮಾತ್ರ ಎತ್ಬೇಡಿ."

"ಹಾಗಾದ್ರೆ ನಲವತ್ತು ಪರದೆ ಕೆಳಗೆ ಹೊರೋನು ನಾನೇನಾ?" ಎಂದು ಭಾವಮೈದ ಗೊಣಗಿ, ಅಕ್ಕನ ಕಣ್ಣು ಕಂಡು, ದಡದಡನೆ ಮೆಟ್ಟಿಲು ಹತ್ತಿದ.

ಮೇಲಧಿಕಾರಿ ರಿಜಿಸ್ಟರಿನಲ್ಲಿ ಬರೆದು ಮೇಸ್ತ್ರಿಯ ಮುಂದೆ ಹಿಡಿದರು. ಮೇಸ್ತ್ರಿ ಓದಿಕೊಂಡರು: 'ಧ್ವನಿಮುದ್ರಣದಲ್ಲಿರುವ ಕೂಗು ನನ್ನದೇ. ಅದು ತಡೆಯಲಾರದ ನೋವಿನ ಕೂಗೇ ಹೊರತು ಬೇರೇನೂ ಅಲ್ಲ.' ಬೇರೇನೂ ಅಲ್ಲವಂತೆ! ಬೇರೇನೂ! ಒಂದು ಸಲ ಹೆಂಡತಿಯ ಕಡೆ ನೋಡಿದರು. ಆಕೆ ಸೆರಗಿನ ಮರೆಯಲ್ಲಿ ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಜೇಬಿನಲ್ಲಿದ್ದ ಕ್ಯಾಸೆಟ್ಟನ್ನು ಗಟ್ಟಿಯಾಗಿ ಅದುಮಿಕೊಂಡು, ಮೇಸ್ತ್ರಿ ಸಹಿ ಹಾಕಿದರು.

"ಇನ್ನೊಂದು ವಿಷಯ" ಎಂದರು ಮೇಲಧಿಕಾರಿ, ರಿಜಿಸ್ಟರು ಮಡಚುತ್ತ. "ಆ ಆಡಿಯೋ ಅಳಿಸ್ಬೇಡಿ, ನನಗೆ ಕಳಿಸಿ. ಹೊಸದಾಗಿ ಸೇರಿರೋ ನಲವತ್ತೈದು ಮೆಕ್ಯಾನಿಕ್‌ಗಳ ಫೋನಿಗೂ ಹಾಕಿಸ್ತೀನಿ. ಲಿಫ್ಟೊಳಗಿಂದ ಇಂಥ ಶಬ್ದ ಬಂದ್ರೆ, ಕೈಲಿರೋ ಕೆಲಸ ಬಿಟ್ಟು ಆಂಬುಲೆನ್ಸಿಗೆ ಫೋನ್ ಮಾಡ್ಬೇಕು ಅಂತ ಅವರಿಗೆ ಗೊತ್ತಾಗ್ಲಿ!"